ಎನ್.ಆರ್. ಪುರದ ಕಂಪ್ಯೂಟರುಗಳು ಮಾತು ಕೇಳದ ಕಾರಣ

ರುದ್ರಣ್ಣನ ಮೇಲೆ ಸುಳ್ಳು ಹೇಳಿದವನು ನಾನು. ಕಂಪ್ಯೂಟರಿಗೆ ಹಾಕಿದ ಬೀಗವನ್ನು ತೆಗೆದದ್ದು ಅವರೇ ಎಂದು ನಾಲ್ಕು ಜನರ ಎದುರು ಹೇಳಿದೆ. ಹೇಳುವಾಗ ಅದು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ — ಅಲ್ಲ, ಇದನ್ನಾದರೂ ಸರಿಯಾಗಿ ಹೇಳಬೇಕು. ಅವರ ಕೈಯಲ್ಲಿ ಅದು ಆಗುವ ಕೆಲಸವೇ ಅಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೇಳಿದೆ. ಆಮೇಲೆ ನಿಜವಾದ ಕಾರಣ ಸಿಕ್ಕಿತು. ಕಾರಣ ನಾನೇ. ಬಾಯಿ ಮುಚ್ಚಿಕೊಂಡೆ.

ನನಗೆ ಬರೆದು ಅಭ್ಯಾಸವಿಲ್ಲ. ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷಿಗೂ ಗಣಿತಕ್ಕೂ ಫೇಲಾಗಿ ಶಾಲೆ ಬಿಟ್ಟವನು. ಪೀಠಿಕೆ, ಅಲಂಕಾರ ಎಲ್ಲ ಬರುವುದಿಲ್ಲ, ಬಂದರೂ ಬೇಡ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಶಾಲೆ ಬಿಟ್ಟ ಮೇಲೆ ಕೊಪ್ಪದಲ್ಲಿ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಸೇರಿದ್ದೆ. ಮೊದಮೊದಲು ಧೂಳು ಊದುವುದು, ಸ್ಕ್ರೂ ಬಿಚ್ಚುವುದು. ಆಮೇಲೆ ನೋಡಿ ನೋಡಿ ಒಂದೊಂದೇ ಕಲಿತೆ. ಯಾಕೆ ಹಾಗೆ ಎಂದು ಕೇಳಿದರೆ ಗೊತ್ತಿಲ್ಲ, ಹೀಗೆ ಮಾಡಿದರೆ ಸರಿಹೋಗುತ್ತದೆ ಎನ್ನುವುದು ಗೊತ್ತು — ಅಷ್ಟೇ ನನ್ನ ವಿದ್ಯೆ. ನಮ್ಮ ಅಂಗಡಿಗೆ ಒಂದು ಸಹಕಾರ ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಸಂಘದ ಹೆಸರು ಬರೆಯುವುದಿಲ್ಲ. ಮುಖ್ಯ ಕಚೇರಿ ಕೊಪ್ಪದಲ್ಲಿ, ಒಂದು ಶಾಖೆ ಶೃಂಗೇರಿಯಲ್ಲಿ, ಇನ್ನೊಂದು ನರಸಿಂಹರಾಜಪುರದಲ್ಲಿ. ಎನ್.ಆರ್. ಪುರ ಎಂದರೆ ಸಾಕು. ಕೊಪ್ಪದಲ್ಲಿ ಸರ್ವರ್, ಅಂದರೆ ಎಲ್ಲದಕ್ಕೂ ಯಜಮಾನನಂಥ ದೊಡ್ಡ ಕಂಪ್ಯೂಟರು. ಉಳಿದವೆಲ್ಲ ಟೆಲಿಫೋನ್ ತಂತಿಯ ಮೂಲಕ ಅದಕ್ಕೆ ಜೋಡಣೆಯಾದವು. ಎಲ್ಲಾದರೂ ಒಂದು ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ನನಗೆ ಫೋನು. ಬಸ್ಸು ಹತ್ತು. ಹೋಗು. ಬೈಸಿಕೊ. ಬಾ.

ಎನ್.ಆರ್. ಪುರ ಶಾಖೆಯ ಕ್ಯಾಷಿಯರ್ ರುದ್ರಣ್ಣ. ಆಗ ಐವತ್ತು ದಾಟಿದ್ದರು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಸದಾ ಒಂದು ತಮಾಷೆ. ಶಾಖೆಗೆ ಕಂಪ್ಯೂಟರ್ ಬಂದಾಗ ಅವರ ವಯಸ್ಸಿನವರೆಲ್ಲ ಹಿಂದೆ ಸರಿದರು. ಇವರೊಬ್ಬರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಕಲಿಸಿದವನು ನಾನು. ಮೌಸ್ ಹಿಡಿಯುವುದು ಅವರಿಗೆ ಬರುತ್ತಲೇ ಇರಲಿಲ್ಲ. ಬಾಣದ ಗುರುತು ಪರದೆಯ ಮೂಲೆಗೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು, ಮೌಸ್ ಟೇಬಲಿನಿಂದ ಕೆಳಗೆ ಬೀಳುತ್ತಿತ್ತು. ಕೊನೆಗೆ ಕಂಪ್ಯೂಟರಿನಲ್ಲೇ ಇರುವ ಇಸ್ಪೀಟ್ ಆಟ ತೆಗೆದುಕೊಟ್ಟೆ. ಎಲೆ ಎಳೆದು ಎಲೆಯ ಮೇಲೆ ಹಾಕುತ್ತಾ ಹಾಕುತ್ತಾ ಕೈ ಪಳಗಿತು.

"ನಮ್ಮಪ್ಪ ಇಸ್ಪೀಟು ಮುಟ್ಟಿದ್ರೆ ಬೆನ್ನು ಮುರೀತೀನಿ ಅಂದಿದ್ರು ಮಾರಾಯ," ಎಂದರು. "ಇಲ್ಲಿ ನೋಡಿದ್ರೆ ಆಫೀಸಿನವ್ರೇ ಕೂರ್ಸಿ ಆಡಿಸ್ತಾರೆ!"

ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದರು. ನಿಧಾನ, ಆದರೆ ತಪ್ಪಿಲ್ಲ. ಮೌಸಿನ ಎಡಗುಂಡಿ ಗೊತ್ತು, ಬಲಗುಂಡಿ ಯಾತಕ್ಕೆ ಎಂದು ಕೊನೆಯವರೆಗೂ ಗೊತ್ತಾಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಾನು ಇದನ್ನು ತಿಳಿದೂ ಆ ಮಾತು ಹೇಳಿದವನು. ಶಾಖೆಯ ಮ್ಯಾನೇಜರು ಮುಂದಿನ ವರ್ಷ ನಿವೃತ್ತರಾಗುವವರಿದ್ದರು. ಆ ಕುರ್ಚಿ ರುದ್ರಣ್ಣನಿಗೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವರೂ ಅಂದುಕೊಂಡಿದ್ದರು. ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

ಆ ಶಾಖೆಯಲ್ಲಿ ಒಂದು ಪದ್ಧತಿ ಇತ್ತು. ಗೋಡೆಯ ಗಡಿಯಾರವನ್ನು ಹತ್ತು ನಿಮಿಷ ಮುಂದೆ ಇಟ್ಟಿದ್ದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇಡುತ್ತಾರೆ. ಸಂಜೆ ಕಡಹಿನಬೈಲಿನ ಕಡೆ ಹೋಗುವವರಿಗೆ ಒಂದು ಬಸ್ಸು, ಅದು ತಪ್ಪಿದರೆ ಜೀಪಿಗೆ ಕಾಯಬೇಕು. ಗಡಿಯಾರ ಮುಂದಿದ್ದರೆ ಬಸ್ಸು ತಪ್ಪುವುದಿಲ್ಲ. ಅದು ಮುಂದಿದೆ ಎಂದು ಎಲ್ಲರಿಗೂ ಗೊತ್ತು, ಆದರೂ ಅದನ್ನು ನೋಡಿ ಗಡಿಬಿಡಿ ಮಾಡುತ್ತಾರೆ. ಬಂದ ಗಿರಾಕಿಗಳಿಗೂ ಗೊತ್ತು. ಯಾರಿಗೂ ಅದರಿಂದ ತೊಂದರೆ ಇರಲಿಲ್ಲ — ಕಂಪ್ಯೂಟರ್ ಬರುವವರೆಗೆ.

ಕಂಪ್ಯೂಟರು ರಸೀದಿಯ ಮೇಲೆ ತನ್ನದೇ ಸಮಯ ಒತ್ತುತ್ತಿತ್ತು. ಗೋಡೆಯಲ್ಲಿ ಒಂದು, ರಸೀದಿಯಲ್ಲಿ ಒಂದು. "ಬಾಗ್ಲು ಹಾಕೋ ಟೈಮ್ ಆಯ್ತು ಅಂತೀರಿ, ನಿಮ್ಮ ಚೀಟೀಲಿ ಇನ್ನೂ ಆಗ್ಲೇ ಇಲ್ವಲ್ರೀ" ಎಂದು ಜನ ಜಗಳಕ್ಕೆ ಬಂದರು. ಮ್ಯಾನೇಜರು ನನ್ನನ್ನು ಹಿಡಿದರು. "ಏ ಸತೀಶ, ಈ ಕಂಪ್ಯೂಟ್ರಿಗೂ ನಮ್ಮ ಟೈಮೇ ಇಡು ಮಾರಾಯ. ಎರಡು ಟೈಮಲ್ಲಿ ಸಂಸಾರ ಮಾಡಕ್ಕಾಗಲ್ಲ."

ಇಟ್ಟೆ. ಮರುದಿನ ನೋಡಿದರೆ ಕಂಪ್ಯೂಟರು ತಾನೇ ಸರಿಯಾದ ಸಮಯಕ್ಕೆ ಹೋಗಿತ್ತು. ಮತ್ತೆ ಫೋನು, ಮತ್ತೆ ಬಸ್ಸು. ಮತ್ತೆ ಇಟ್ಟೆ. ಮತ್ತೆ ಹೋಯಿತು. ಕೊಪ್ಪದ ಸರ್ವರಿನ ಗಡಿಯಾರವನ್ನು ನೋಡಿ ಇದು ತನ್ನನ್ನು ತಿದ್ದಿಕೊಳ್ಳುತ್ತಿದೆ ಎಂದು ಗೊತ್ತಾಯಿತು. ಹಾಗೆ ತಿದ್ದುವ ಒಂದು ವ್ಯವಸ್ಥೆ ಒಳಗೇ ಇರುತ್ತದೆ. ಯಾಕೆ ಇಟ್ಟಿದ್ದಾರೆ, ಬಂದ್ ಮಾಡಿದರೆ ಏನಾಗುತ್ತದೆ ಎಂದು ಕೇಳುವ ತಾಳ್ಮೆ ಯಾರಿಗಿತ್ತು? ಶಾಖೆಯ ಅಷ್ಟೂ ಕಂಪ್ಯೂಟರುಗಳಲ್ಲಿ ಅದನ್ನು ಬಂದ್ ಮಾಡಿದೆ. ಗಡಿಯಾರಗಳನ್ನು ಗೋಡೆಗೆ ಹೊಂದಿಸಿದೆ. ಇನ್ನು ಫೋನು ಬರುವುದಿಲ್ಲ ಎಂಬ ಖುಷಿಯಲ್ಲಿ ಬಸ್ಸು ಹತ್ತಿದೆ. ಹತ್ತಿದ ಮೇಲೆ ಮರೆತೂಬಿಟ್ಟೆ.

ಕೆಲವು ತಿಂಗಳು ಕಳೆದವು. ಕೊಪ್ಪದ ಕಚೇರಿಗೆ ಯಾರದೋ ಪೆನ್‌ಡ್ರೈವಿನಿಂದ ವೈರಸ್ ಬಂದು ಒಂದು ದಿನದ ಲೆಕ್ಕ ಪೂರಾ ಹಾಳಾಯಿತು. ಸಂಘದ ಸೆಕ್ರೆಟರಿ ಕೆಂಡವಾದರು. ಮೂರೂ ಊರಲ್ಲಿ ಪೆನ್‌ಡ್ರೈವ್ ನಡೆಯಬಾರದು, ಆಟಗಳು ಇರಬಾರದು, ಯಾರೂ ಏನನ್ನೂ ಬದಲಾಯಿಸುವ ಹಾಗೆ ಇರಬಾರದು ಎಂದು ಅಪ್ಪಣೆ. ಅದಕ್ಕೆ ಊರೂರು ತಿರುಗಬೇಕಿಲ್ಲ. ಸರ್ವರಿನಲ್ಲಿ ಒಮ್ಮೆ ನಿಯಮ ಬರೆದಿಟ್ಟರೆ ಸಾಕು, ಉಳಿದ ಕಂಪ್ಯೂಟರುಗಳು ಬೆಳಿಗ್ಗೆ ಶುರುವಾಗುವಾಗ ಅದನ್ನು ತೆಗೆದುಕೊಂಡು ಹಾಗೇ ನಡೆದುಕೊಳ್ಳುತ್ತವೆ. ಅದಕ್ಕೆ ಪಾಲಿಸಿ ಎನ್ನುತ್ತಾರೆ. ನಮ್ಮ ಅಂಗಡಿಯ ಯಜಮಾನರು ಶಿವಮೊಗ್ಗದ ಯಾರನ್ನೋ ಕೇಳಿ ಬರೆದಿಟ್ಟರು. ಕೆಲಸ ಮಾಡುತ್ತದೋ ಇಲ್ಲವೋ ನೋಡುವುದು ನನ್ನ ಪಾಲಿಗೆ.

ಕೊಪ್ಪದಲ್ಲಿ ಆಯಿತು. ಶೃಂಗೇರಿಯಲ್ಲಿ ಆಯಿತು. ಎನ್.ಆರ್. ಪುರದಲ್ಲಿ ಆಗಲಿಲ್ಲ.

ಪಾಲಿಸಿ ಹಾಕಲು ಬಂದಿದ್ದೇನೆ ಎಂದಾಗ ರುದ್ರಣ್ಣ ಕೈ ಮುಗಿದರು. "ಬೇಡ ಮಾರಾಯ, ಇರೋ ಪಾಲಿಸಿಗೇ ಕಂತು ಕಟ್ಟಿ ಸಾಕಾಗಿದೆ." ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕಂಪ್ಯೂಟರು ಬಂದ್ ಮಾಡಿ ಶುರು ಮಾಡಿದೆ. ಇಸ್ಪೀಟು ಅಲ್ಲೇ ಇತ್ತು. ಮತ್ತೊಮ್ಮೆ. ಅಲ್ಲೇ. ಕಪ್ಪು ಪರದೆ ತೆರೆದು, ನಿಯಮವನ್ನು ಈಗಲೇ ತೆಗೆದುಕೋ ಎನ್ನುವ ಆಜ್ಞೆ ಟೈಪು ಮಾಡಿದೆ. ಏನೂ ಆಗಲಿಲ್ಲ. ಪಕ್ಕದ ಕಂಪ್ಯೂಟರು, ಅದೂ ಹಾಗೇ. ಒಂದಾದರೂ ಕೇಳಿದ್ದರೆ, ಇದು ಕೇಳಿತು ಅದು ಯಾಕೆ ಕೇಳಲಿಲ್ಲ ಎಂದು ಹೋಲಿಸಬಹುದಿತ್ತು. ಒಂದೂ ಕೇಳಲಿಲ್ಲ.

ತಂತಿ ನಿಧಾನ ಇರಬೇಕು ಎಂದುಕೊಂಡೆ. ಟೆಲಿಫೋನಿನವರ ಕೈಕಾಲು ಹಿಡಿದು ತಂತಿ ನೋಡಿಸಿದೆ. ಸರಿ ಇತ್ತು. ಗೋಡೆಗೆ ಬಡಿದಿದ್ದ ಕೇಬಲ್ ಕಿತ್ತು ಹೊಸದು ಎಳೆದೆ. ಇಲಿ ಕಡಿದಿರಬಹುದೆಂದು ಅಟ್ಟದಲ್ಲಿ ಹೊಟ್ಟೆಯ ಮೇಲೆ ತೆವಳಿದೆ. ಇಲಿ ಇತ್ತು, ಕೇಬಲ್ ಕಡಿದಿರಲಿಲ್ಲ. ತಂತಿಗಳು ಸೇರುವ ಪೆಟ್ಟಿಗೆಯನ್ನೇ ಬದಲಾಯಿಸಿದೆ. ಕೊಪ್ಪಕ್ಕೆ ಹೋಗಿ ಸರ್ವರಿನಲ್ಲಿ ನಿಯಮವನ್ನು ಅಳಿಸಿ ಹೊಸದಾಗಿ ಬರೆದೆ. ಆ ಗಡಿಬಿಡಿಯಲ್ಲಿ ಸರಿ ಇದ್ದ ಶೃಂಗೇರಿಯೂ ಒಂದು ದಿನ ಕೆಟ್ಟು ಅವರೂ ಬೈದರು. ಎನ್.ಆರ್. ಪುರಕ್ಕೆ ವಾಪಸು ಬಂದರೆ — ಇಸ್ಪೀಟು.

ನಡುನಡುವೆ ಕರೆಂಟು ಹೋಗುತ್ತಿತ್ತು. ಅರ್ಧ ಮಾಡಿದ್ದನ್ನು ಮತ್ತೆ ಮೊದಲಿಂದ. ನನಗೆ ಆ ಕಂಪ್ಯೂಟರನ್ನು ಎತ್ತಿ ರಸ್ತೆಗೆ ಎಸೆಯಬೇಕು ಎನಿಸುತ್ತಿತ್ತು. ಒಮ್ಮೆ ಅದರ ಡಬ್ಬಕ್ಕೆ ಒದ್ದೆ ಕೂಡ. ರುದ್ರಣ್ಣ ಕ್ಯಾಷ್ ಕೌಂಟರಿನಿಂದ ಕೂಗಿದರು: "ಒದೀಬೇಡ ಮಾರಾಯ, ಹಾಲು ಕೊಡೋ ಎಮ್ಮೆ!"

ಒಳಗೆ ತಪ್ಪುಗಳನ್ನು ಬರೆದಿಡುವ ಒಂದು ಜಾಗ ಇರುತ್ತದೆ. ತೆರೆದು ನೋಡಿದೆ. ಸಾಲು ಸಾಲು ಕೆಂಪು ಗುರುತು. ಪ್ರತಿಯೊಂದರಲ್ಲೂ ಇಂಗ್ಲಿಷು. ಒಂದೊಂದು ಅಕ್ಷರ ಕೂಡಿಸಿ ಓದಿದೆ, ತಲೆಬುಡ ಹತ್ತಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು. ಅದೇ ಶಾಖೆಯಲ್ಲಿ ಓದಿದವರಿದ್ದರು. ಕೇಳಿದರೆ, ರಿಪೇರಿಗೆ ಬಂದವನಿಗೆ ಓದಲಿಕ್ಕೇ ಬರುವುದಿಲ್ಲ ಎಂದಾಗುತ್ತದೆ. ಮುಚ್ಚಿಬಿಟ್ಟೆ. ಸಮಯದ ವ್ಯತ್ಯಾಸ ಎಂದು ಅಲ್ಲೇ ಬರೆದಿತ್ತು. ಅದು ನನಗೆ ಗೊತ್ತಾದದ್ದು ಆಮೇಲೆ.

ರುದ್ರಣ್ಣನಿಗೆ ಮಾತ್ರ ಖುಷಿ. ಊಟದ ಹೊತ್ತಿನಲ್ಲಿ ಡಬ್ಬಿ ಮುಚ್ಚಿ, ಕೈ ತೊಳೆದು, ಒಂದು ಆಟ. ನಾನು ಕಂಡರೆ ಕೆಣಕುವುದು.

"ಕೊಪ್ಪದವ್ರಿಗೆ ಹೋಯ್ತಂತೆ, ಶೃಂಗೇರಿಯವ್ರಿಗೂ ಹೋಯ್ತಂತೆ. ನಂದು ಮಾತ್ರ ಹೋಗ್ಲಿಲ್ಲ ನೋಡು. ನಿನ್ನ ಮಂತ್ರ ನಮ್ಮೂರಲ್ಲಿ ನಡೆಯಲ್ಲ ಸತೀಶ."

"ನೀವು ಎಂತ ಮಾಡಿದ್ರಿ ರುದ್ರಣ್ಣ?" ಎಂದು ಯಾರೋ ಕೇಳಿದರು.

"ಎಂತ ಮಾಡೋದು? ಬೆಳಿಗ್ಗೆ ಬಂದು ಕಂಪ್ಯೂಟ್ರಿಗೆ ಒಂದು ತಾಯ್ತ ಕಟ್ತೀನಿ!"

ಇದು ತಮಾಷೆ. ಆ ಕಚೇರಿಯಲ್ಲಿದ್ದ ಎಲ್ಲರಿಗೂ ತಮಾಷೆ ಎಂದೇ ಗೊತ್ತು. ಆದರೆ ತಮಾಷೆಯ ಮಾತು ಊರು ಬಿಟ್ಟು ಊರಿಗೆ ಹೋಗುವಾಗ ನಗುವನ್ನು ಅಲ್ಲೇ ಬಿಟ್ಟು ಹೋಗುತ್ತದೆ. ರುದ್ರಣ್ಣ ಬೀಗ ತೆಗೆದು ಇಸ್ಪೀಟು ಆಡುತ್ತಾರಂತೆ ಎಂದು ಕೊಪ್ಪಕ್ಕೆ ತಲುಪಿತು.

ಅಷ್ಟರಲ್ಲಿ ಆಗಬಾರದ್ದು ಆಯಿತು. ಎನ್.ಆರ್. ಪುರದಲ್ಲಿ ಯಾರೋ ಮದುವೆಯ ಫೋಟೋ ನೋಡಲು ಪೆನ್‌ಡ್ರೈವ್ ಸಿಕ್ಕಿಸಿದರು. ನಿಯಮ ಹತ್ತಿದ್ದರೆ ಅದು ತೆರೆಯುತ್ತಲೇ ಇರಲಿಲ್ಲ. ಹತ್ತಿರಲಿಲ್ಲವಲ್ಲ, ತೆರೆಯಿತು. ವೈರಸ್ ನುಗ್ಗಿತು. ಶಾಖೆ ಬಂದ್. ಸಾಲಕ್ಕೆ ಬಂದವರು ಬಾಗಿಲಲ್ಲಿ ನಿಂತು ಬೈದು ಹೋದರು. ಸೆಕ್ರೆಟರಿ ನನ್ನನ್ನು, ಮ್ಯಾನೇಜರನ್ನು, ರುದ್ರಣ್ಣನನ್ನು ಕೊಪ್ಪಕ್ಕೆ ಕರೆಸಿದರು. ಅಲ್ಲಿ ಇಬ್ಬರು ನಿರ್ದೇಶಕರೂ ಕೂತಿದ್ದರು.

ಹೋಗುವ ಮೊದಲು ನಮ್ಮ ಅಂಗಡಿಯ ಯಜಮಾನರು ಹೇಳಿದ್ದರು: "ನಿನ್ನ ಕೈಲಿ ಆಗ್ಲಿಲ್ಲ ಅಂದ್ರೆ ಈ ಕೆಲ್ಸ ನಮ್ಮ ಕೈ ತಪ್ತದೆ. ಹಾಗಾದ್ರೆ ನಾಳೆಯಿಂದ ನೀನು ಬರೋದು ಬೇಡ." ಇದನ್ನು ನೆವ ಮಾಡಿಕೊಳ್ಳಲು ಬರೆಯುತ್ತಿಲ್ಲ. ಆ ದಿನ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ ಎಂದು ಹೇಳುತ್ತಿದ್ದೇನೆ.

ಸೆಕ್ರೆಟರಿ ನನ್ನನ್ನು ಕೂರಲೂ ಹೇಳಲಿಲ್ಲ. "ಏ ಹುಡುಗ, ಕೊಪ್ಪದಲ್ಲಿ ಆಗ್ತದೆ, ಶೃಂಗೇರಿಯಲ್ಲಿ ಆಗ್ತದೆ. ಎನ್.ಆರ್. ಪುರಕ್ಕೆ ಎಂತ ದೊಡ್ಡರೋಗ? ನಿಂಗೆ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು."

ಗೊತ್ತಿಲ್ಲ. ಒಂದು ಮಾತು. ಅದನ್ನು ಹೇಳಿದ್ದರೆ — ಕೆಲಸ ಹೋಗುತ್ತಿತ್ತು, ಇನ್ನೊಂದು ಸಿಗುತ್ತಿತ್ತು. ಇಪ್ಪತ್ತರ ಹುಡುಗ ನಾನು, ಎಲ್ಲಾದರೂ ಮೂಟೆ ಹೊತ್ತಾದರೂ ಬದುಕುತ್ತಿದ್ದೆ. ನನ್ನ ಬಾಯಿಗೆ ಆ ಮಾತು ಬರಲಿಲ್ಲ. ಬಂದದ್ದು ಇದು:

"ನಾನು ಹಾಕಿದ್ದು ಸರಿ ಇದೆ ಸಾರ್. ಅಲ್ಲಿ ತೆಗೀತಾರೆ. ರುದ್ರಣ್ಣನೇ ತೆಗ್ದಿರೋದು."

ರುದ್ರಣ್ಣ ನನ್ನ ಕಡೆ ತಿರುಗಿದರು. ಅವರು ಕೂಗಾಡುತ್ತಾರೆ, ಕೆನ್ನೆಗೆ ಬಾರಿಸುತ್ತಾರೆ ಎಂದುಕೊಂಡಿದ್ದೆ. ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಾನಾ?" ಎಂದರು.

ನಾನು ನೆಲ ನೋಡಿದೆ.

"ಆಡ್ತೀರಂತಲ್ರೀ ಇಸ್ಪೀಟು?" ಎಂದರು ಒಬ್ಬ ನಿರ್ದೇಶಕರು.

"ಆಡ್ತೀನಿ ಸಾರ್. ಸುಳ್ಳು ಹೇಳಲ್ಲ. ಊಟದ ಹೊತ್ತಿಗೆ." ಆಮೇಲೆ ಏನೋ ಲೆಕ್ಕ ಹಾಕುವವರ ಹಾಗೆ ತಮ್ಮ ಬೆರಳು ನೋಡಿಕೊಂಡರು. "ಹುಡುಗ ಹೇಳ್ತಾನೆ ಅಂದ್ಮೇಲೆ ಇರ್ಬೋದು. ಅವ್ನಿಗೆ ಗೊತ್ತಿರ್ತದೆ. ನಾನೇ ಎಲ್ಲೋ ಏನೋ ಒತ್ತಿರ್ಬೇಕು ಸಾರ್. ಬೇಕಂತ ಮಾಡಿದ್ದಲ್ಲ."

ಅವರು ಒಪ್ಪಿಕೊಂಡುಬಿಟ್ಟರು! ಮಾಡದ್ದನ್ನು, ಮಾಡಲು ಬಾರದ್ದನ್ನು — ನಾನು ಹೇಳಿದೆ ಎನ್ನುವ ಒಂದೇ ಕಾರಣಕ್ಕೆ. ಕಂಪ್ಯೂಟರಿನ ವಿಷಯದಲ್ಲಿ ನನ್ನ ಮಾತನ್ನು ಅವರು ಅಷ್ಟು ನಂಬಿದ್ದರು. ಹೊರಗೆ ಬಂದ ಮೇಲೆ, ಮೆಟ್ಟಿಲಿನ ಮೇಲೆ, ನನ್ನ ಹೆಗಲ ಮೇಲೆ ಕೈಯಿಟ್ಟರು.

"ನಿಂಗೆ ಸುಮ್ನೆ ಬೈಸಿಕೊಳ್ಳೋ ಹಾಗಾಯ್ತಲ್ಲ ಮಾರಾಯ, ನನ್ನಿಂದ. ಎಷ್ಟು ಸಲ ಬಂದೆ ನೀನು. ನಂಗೆ ಮೊದ್ಲೇ ಹೇಳೋದಲ್ವ, ರುದ್ರಣ್ಣ ಇಲ್ಲಿ ಒತ್ತಬೇಡಿ ಅಂತ?"

ನಾನು ಹೂಂ ಎಂದೆ. ಹೂಂ ಎಂದೆ ನಾನು.

ಹಳೇ ಮ್ಯಾನೇಜರು ನಿವೃತ್ತರಾದಾಗ ಆ ಕುರ್ಚಿ ರುದ್ರಣ್ಣನಿಗೆ ಸಿಗಲಿಲ್ಲ. ಅವರಿಗಿಂತ ಕಿರಿಯರೊಬ್ಬರನ್ನು ಶೃಂಗೇರಿಯಿಂದ ತಂದು ಕೂರಿಸಿದರು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ರುದ್ರಣ್ಣನನ್ನು ಕ್ಯಾಷಿನಿಂದ ತೆಗೆದು ಕೊಪ್ಪದ ಮುಖ್ಯ ಕಚೇರಿಗೆ ಹಾಕಿದರು. ಬಾಗಿಲ ಪಕ್ಕ ಒಂದು ಟೇಬಲ್. ಬಂದ ಟಪಾಲಿಗೆ ಸೀಲು ಹೊಡೆಯುವ ಕೆಲಸ. ಕಂಪ್ಯೂಟರು ಮುಟ್ಟಕೂಡದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದರು. ದಿನಾ ಎನ್.ಆರ್. ಪುರದಿಂದ ಬಸ್ಸಿನಲ್ಲಿ ಬಂದು, ಹುಡುಗರೆಲ್ಲ ಕೀಲಿಮಣೆ ಕುಟ್ಟುತ್ತಿರುವಾಗ ಅವರು ಸೀಲು ಕುಟ್ಟುತ್ತಿದ್ದರು. ಯಾರಾದರೂ, "ರುದ್ರಣ್ಣ, ಆ ಪ್ರಿಂಟ್ರಿಗೆ ಒಂಚೂರು ಹಾಳೆ ಹಾಕಿ" ಎಂದರೆ ಇನ್ನೊಬ್ಬ ಕೂಗುತ್ತಿದ್ದ: "ಬೇಡಪ್ಪ, ಅವ್ರು ಮುಟ್ಟಿದ್ರೆ ನಾಳೆ ಸಂಘಕ್ಕೆ ರಜ!" ನಗು. ರುದ್ರಣ್ಣನೂ ನಗುತ್ತಿದ್ದರು. ನಾನು ಅಲ್ಲಿಗೆ ಕೆಲಸಕ್ಕೆ ಹೋದಾಗ ಕೇಳಿದ್ದೇನೆ. ಸ್ಕ್ರೂ ಬಿಚ್ಚುತ್ತಾ ತಲೆ ತಗ್ಗಿಸಿಕೊಂಡು ಕೇಳಿದ್ದೇನೆ.

ಇಲ್ಲಿಯವರೆಗೆ ನಾನು ಮಾಡಿದ್ದು ಹೆದರಿಕೆಯಲ್ಲಿ ಆಡಿದ ಸುಳ್ಳು. ಇನ್ನು ಮುಂದಿನದಕ್ಕೆ ಆ ಹೆಸರೂ ಕೊಡಲು ಬರುವುದಿಲ್ಲ.

ಅವರನ್ನು ಕೊಪ್ಪಕ್ಕೆ ಹಾಕಿ ಕೆಲವು ವಾರ ಆಗಿತ್ತು. ಶೃಂಗೇರಿಯ ಶಾಖೆಯಿಂದ ಫೋನು ಬಂತು. ಅಲ್ಲಿ ಒಂದು ಕಂಪ್ಯೂಟರಿನಲ್ಲಿ ಹೊಸ ನಿಯಮ ಹತ್ತುತ್ತಿಲ್ಲ. ಹೋಗಿ ನೋಡಿದೆ. ಅದರ ಒಳಗಿನ ಬ್ಯಾಟರಿ, ಗುಂಡಗೆ ಗುಂಡಿಯಷ್ಟು ಇರುತ್ತದೆ, ಸತ್ತುಹೋಗಿತ್ತು. ಅದು ಸತ್ತರೆ ಕಂಪ್ಯೂಟರಿಗೆ ಸಮಯ ನೆನಪಿರುವುದಿಲ್ಲ. ಯಾವುದೋ ಹಳೇ ವರ್ಷ ತೋರಿಸುತ್ತಿತ್ತು, ಅಷ್ಟು ದೊಡ್ಡ ವ್ಯತ್ಯಾಸವನ್ನು ಅದು ತಾನೇ ತಿದ್ದಿಕೊಂಡಿರಲಿಲ್ಲ. ಬ್ಯಾಟರಿ ಬದಲಾಯಿಸಿದೆ. ಸಮಯ ಸರಿ ಮಾಡಿದೆ. ಶುರು ಮಾಡಿದೆ. ನಿಯಮ ಹತ್ತಿತು. ಬೇರೆ ಏನನ್ನೂ ಮುಟ್ಟಿರಲಿಲ್ಲ.

ಅಲ್ಲೇ ಕೂತೆ. ಶಾಖೆಯವರು ಕಾಫಿ ತಂದಿಟ್ಟರು, ಆರಿಹೋಯಿತು. ಸಮಯ ಬೇಕೆಂದೇ ಕೆಡಿಸಿ, ಹತ್ತು ನಿಮಿಷ ಮುಂದೆ ಇಟ್ಟು ನೋಡಿದೆ. ಕೆಂಪು ಗುರುತು ಬಂತು. ಎನ್.ಆರ್. ಪುರದಲ್ಲಿ ಕಂಡದ್ದೇ. ಈ ಸಲ ಅಲ್ಲಿದ್ದ ಹುಡುಗಿಯೊಬ್ಬಳನ್ನು ಕೇಳಿದೆ, ಇದರಲ್ಲಿ ಏನು ಬರೆದಿದೆ ಎಂದು. ಅವಳು ಒಂದು ನಿಮಿಷದಲ್ಲಿ ಓದಿ ಹೇಳಿದಳು. ಸರ್ವರಿಗೂ ಇದಕ್ಕೂ ಗಡಿಯಾರ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸರ್ವರು ಇದನ್ನು ನಂಬುವುದಿಲ್ಲ. ಕಳ್ಳರು ಹಳೇ ಗುರುತು ತೋರಿಸಿ ಒಳಗೆ ಬರಬಾರದು ಎಂದು ಹಾಗೆ ಮಾಡಿದ್ದಾರಂತೆ. ನಂಬದಿದ್ದರೆ ನಿಯಮವನ್ನೂ ಕೊಡುವುದಿಲ್ಲ.

ಬಸ್ಸು ತಪ್ಪಬಾರದು ಎಂದು ಇಟ್ಟ ಗಡಿಯಾರ. ಅದಕ್ಕೆ ಕಂಪ್ಯೂಟರನ್ನು ಹೊಂದಿಸಿದ್ದು ನಾನು. ತಿದ್ದಿಕೊಳ್ಳದ ಹಾಗೆ ಮಾಡಿದ್ದೂ ನಾನು. ರುದ್ರಣ್ಣ ಸೀಲು ಹೊಡೆಯುತ್ತಾ ಕೂತದ್ದು ನನ್ನ ಕೆಲಸಕ್ಕೆ.

ಆಗ ಕೊಪ್ಪಕ್ಕೆ ಹೋಗಬೇಕಿತ್ತು. ಹೋಗಿ ಸೆಕ್ರೆಟರಿಯ ಎದುರು ನಿಲ್ಲಬೇಕಿತ್ತು. ಕೊಪ್ಪಕ್ಕೆ ಬಂದೆ, ಆದರೆ ಸಂಘದ ಮೆಟ್ಟಿಲು ಹತ್ತಲಿಲ್ಲ. ಎನ್.ಆರ್. ಪುರದ ಬಸ್ಸು ಹತ್ತಿದೆ. ಅಲ್ಲಿ ಒಂದೊಂದೇ ಕಂಪ್ಯೂಟರಿಗೆ ಹೋಗಿ ಬಂದ್ ಮಾಡಿದ್ದನ್ನು ಚಾಲೂ ಮಾಡಿದೆ, ಗಡಿಯಾರ ಸರಿ ಮಾಡಿದೆ. ಸ್ಟೂಲಿನ ಮೇಲೆ ನಿಂತು ಗೋಡೆಯ ಗಡಿಯಾರವನ್ನೂ ಹಿಂದಕ್ಕೆ ತಿರುಗಿಸಿದೆ. ಯಾಕೆ ಎಂದು ಕೇಳಿದರು. ಹೆಡ್ಡಾಫೀಸಿನ ಆರ್ಡರು ಎಂದೆ. ಸುಳ್ಳು. ಎರಡು ಸಮಯ ಕಂಡರೆ ಯಾರಿಗಾದರೂ ಹಳೆಯದು ನೆನಪಾದೀತು ಎಂಬ ಹೆದರಿಕೆ. ಆ ಸಂಜೆ ಕಡಹಿನಬೈಲಿನವರಿಗೆ ಬಸ್ಸು ತಪ್ಪಿತು, ಬಾಯಿಗೆ ಬಂದ ಹಾಗೆ ನನ್ನನ್ನು ಬೈದರಂತೆ.

ಕಂಪ್ಯೂಟರುಗಳನ್ನು ಶುರು ಮಾಡಿದಾಗ ಇಸ್ಪೀಟು ಎಲ್ಲಿಯೂ ಇರಲಿಲ್ಲ. ಹೊಸ ಮ್ಯಾನೇಜರು ಚಪ್ಪಾಳೆ ತಟ್ಟಿದರು.

"ನೋಡಿದ್ರಾ? ರುದ್ರಣ್ಣ ಆ ಕಡೆ ಹೋದ್ರು, ಈ ಕಡೆ ಎಲ್ಲ ಸರಿಯಾಯ್ತು!"

ಅಲ್ಲಿಯವರೆಗೆ ಒಂದಿಬ್ಬರಿಗಾದರೂ ಅನುಮಾನ ಇತ್ತು, ಪಾಪ ಅವರಲ್ಲದೇ ಇರಬಹುದು ಎಂದು. ಅವತ್ತಿಗೆ ಅದೂ ಹೋಯಿತು. ನಾನು ಮಾಡಿದ ರಿಪೇರಿಯೇ ಅವರ ಮೇಲಿನ ಸಾಕ್ಷಿಯಾಯಿತು. ನಾನು ಹಲ್ಲು ಕಿರಿದು ಕಾಫಿ ಕುಡಿದು ಬಂದೆ. ಅಂಗಡಿಯ ಯಜಮಾನರು ಬೆನ್ನು ತಟ್ಟಿದರು.

ಆಮೇಲೆ ವರ್ಷಗಳು ಹೋದವು. ನಾನು ಆ ಅಂಗಡಿ ಬಿಟ್ಟು ಬೇರೆ ಕೆಲಸ ಹಿಡಿದೆ. ರುದ್ರಣ್ಣ ಸೀಲಿನ ಟೇಬಲಿನಿಂದಲೇ ನಿವೃತ್ತರಾದರು. ಹೇಳೋಣ ಎಂದು ಅನಿಸುತ್ತಿತ್ತು, ಮತ್ತೆ — ಈಗ ಹೇಳಿ ಏನು, ಅವರೂ ಮರೆತಿರುತ್ತಾರೆ, ಸುಖವಾಗಿದ್ದಾರೆ — ಹೀಗೆ. ಮರೆಯಬೇಕು ಎಂದುಕೊಂಡವನಿಗೆ ಬೇರೆಯವರೂ ಮರೆತಿದ್ದಾರೆ ಎಂದು ನಂಬುವುದು ಬಹಳ ಸುಲಭ.

ಕಳೆದ ಬೇಸಿಗೆಯಲ್ಲಿ ಎನ್.ಆರ್. ಪುರಕ್ಕೆ ಹೋಗಿದ್ದೆ. ನನ್ನ ಅಕ್ಕನ ಮನೆಗೆ ರಾಗಿ ಬೀಸಿಸಿ ತರಬೇಕಿತ್ತು. ಗಿರಣಿ ರುದ್ರಣ್ಣನ ಹೆಂಡತಿ ಗೌರಕ್ಕನದು. ನನಗೆ ಗೊತ್ತಿರಲಿಲ್ಲ. ಒಳಗೆ ಹೋದ ಮೇಲೆ ಮೂಲೆಯಲ್ಲಿ ಚೀಲದ ಬಾಯಿ ಕಟ್ಟುತ್ತಾ ಕೂತಿದ್ದವರನ್ನು ನೋಡಿ ಗೊತ್ತಾಯಿತು. ಮೈಯೆಲ್ಲ ಹಿಟ್ಟು, ವಿಭೂತಿ ಯಾವುದು ಹಿಟ್ಟು ಯಾವುದು ತಿಳಿಯುತ್ತಿರಲಿಲ್ಲ.

"ಓ ಸತೀಶ! ಬಾ ಮಾರಾಯ. ಎಂತ ಸಣ್ಣ ಆಗಿದೀಯ, ಊಟ ಹಾಕಲ್ವ ಯಾರೂ?"

ಗೌರಕ್ಕ ನನ್ನ ಚೀಲವನ್ನು ತೂಕ ಮಾಡಲು ಹೇಳಿದರು. ಎದುರಿಗೆ ಕರೆಂಟಿನ ತಕ್ಕಡಿ ಇತ್ತು, ಹೊಸದು, ಅಂಕಿ ಕೆಂಪಗೆ ಕಾಣುವುದು. ರುದ್ರಣ್ಣ ಅದನ್ನು ಸುತ್ತಿ ಬಳಸಿ ಹೋಗಿ, ಮೂಲೆಯಲ್ಲಿದ್ದ ಹಳೇ ಕಬ್ಬಿಣದ ತಕ್ಕಡಿಗೆ ನನ್ನ ಚೀಲ ಏರಿಸಿದರು. ಕಲ್ಲು ಹಾಕಿ, ತೆಗೆದು, ಹಾಕಿ ತೂಗಿದರು.

"ಇದಿದೆಯಲ್ಲ ರುದ್ರಣ್ಣ," ಎಂದೆ.

"ಅದಕ್ಕೆ ಬಟನ್ ಇದೆ. ನಂಗೆ ಬೇಡ."

ಗೌರಕ್ಕ ಗಿರಣಿಯ ಸದ್ದಿನ ಮೇಲೆ ಕೂಗಿ ಹೇಳಿದರು. "ಬಟನ್ ಇರೋ ಯಾವ್ದನ್ನೂ ಮುಟ್ಟಲ್ಲ ಇವ್ರು. ಮೊಬೈಲು ಬಂದ್ರೆ ನಾನೇ ಒತ್ತಿ ಕಿವಿಗೆ ಹಿಡೀಬೇಕು. ಮಗಳು ಟೀವಿ ರಿಮೋಟು ಕೊಟ್ರೂ ಬೇಡ. ಆಫೀಸಲ್ಲಿ ಒಂದ್ಸಲ ಎಂತದೋ ಒತ್ತಿ ಬೈಸಿಕೊಂಡ್ರಲ್ಲ, ಅಲ್ಲಿಂದ ಹೀಗೆ."

"ನಾನು ಒತ್ತಿದ್ರೆ ಎಲ್ಲೋ ಹೋಗಿ ಎಂತದೋ ಆಗ್ತದೆ," ಎಂದರು ರುದ್ರಣ್ಣ. ನಗುತ್ತಲೇ ಹೇಳಿದರು. "ಈ ಹುಡುಗನ್ನೇ ಕೇಳು. ಎಷ್ಟು ಓಡಾಡಿದ್ದ ಪಾಪ."

ಐವತ್ತು ದಾಟಿದ ಮೇಲೆ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಎದುರು ಕೂತ ಮನುಷ್ಯ ಇವರು.

ಗಿರಣಿ ನಿಲ್ಲುವವರೆಗೆ ಕಾದೆ. ನಿಂತ ಮೇಲೆ ಹೇಳಿದೆ. ಗಡಿಯಾರ, ಬ್ಯಾಟರಿ, ಸ್ಟೂಲು, ಎಲ್ಲ. ಗೌರಕ್ಕನಿಗೂ ಕೇಳುವ ಹಾಗೆ. ಸುತ್ತಿ ಬಳಸಲಿಲ್ಲ. ರುದ್ರಣ್ಣ ಹಿಟ್ಟಿನ ಕೈಯನ್ನು ಪಂಚೆಗೆ ಒರೆಸಿಕೊಂಡರು. ಒರೆಸುತ್ತಲೇ ಇದ್ದರು.

"ಹಾಗಾದ್ರೆ ನಾನು ಎಂತದೂ ಒತ್ಲಿಲ್ವನ?"

"ಇಲ್ಲ ರುದ್ರಣ್ಣ."

"ಎಂತದೂ?"

"ಎಂತದೂ ಇಲ್ಲ."

"ಎಷ್ಟು ಸಲ ನೆನಪು ಮಾಡ್ಕೊಂಡಿದೀನಿ ಗೊತ್ತನ. ಎಲ್ಲಿ ಒತ್ತಿರ್ಬೋದು, ಯಾವಾಗ ಒತ್ತಿರ್ಬೋದು ಅಂತ. ಬಸ್ಸಲ್ಲಿ ಕೂತು ಬೆರಳು ಆಡಿಸಿ ಆಡಿಸಿ ನೋಡ್ತಿದ್ದೆ." ಆಮೇಲೆ ಅವರ ಸ್ವರ ಬದಲಾಯಿತು. ಅವರು ಸಿಟ್ಟಾಗಿದ್ದನ್ನು ನಾನು ಮೊದಲ ಸಲ ನೋಡಿದ್ದು. "ಈಗ ನಂಗೆ ಹೇಳಿ ಎಂತ ಮಾಡ್ತೀಯ? ಅವತ್ತು ನನ್ನ ಕಿವೀಲಿ ಹೇಳಿದ್ಯನ? ಎಲ್ರ ಎದುರು ಹೇ‍ಳ್ದೆ. ಹೋಗು. ಎಲ್ಲಿ ಹೇಳಿದ್ಯೋ ಅಲ್ಲೇ ಹೇಳು."

ಎದ್ದು ಒಳಗೆ ಹೋದರು. ಗೌರಕ್ಕ ನನ್ನ ಹಿಟ್ಟಿನ ಚೀಲವನ್ನು ಬಾಗಿಲ ಹೊರಗೆ ತಂದಿಟ್ಟರು.

ಕೊಪ್ಪಕ್ಕೆ ಹೋದೆ. ಸೆಕ್ರೆಟರಿ ಅವರೇ ಇದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವರು ಅರ್ಧ ಕೇಳಿ ನಕ್ಕರು. "ಅಯ್ಯೋ ಮಾರಾಯ, ಆ ಕಂಪ್ಯೂಟ್ರೆಲ್ಲ ಗುಜರಿಗೆ ಹೋಗಿ ಎಷ್ಟು ಕಾಲ ಆಯ್ತು. ರುದ್ರಣ್ಣನೂ ರಿಟೈರು. ಈಗ ಇದನ್ನ ಕಟ್ಕೊಂಡು ಎಂತ ಮಾಡೋದು? ಕಾಫಿ ಕುಡ್ಕೊಂಡು ಹೋಗು." ಆ ನಿರ್ದೇಶಕರಲ್ಲಿ ಒಬ್ಬರು ಈಗಿಲ್ಲ. ಇನ್ನೊಬ್ಬರಿಗೆ ರುದ್ರಣ್ಣ ಯಾರೆಂದೇ ನೆನಪಿಲ್ಲ. ಶಾಖೆಯಲ್ಲಿ ಹೊಸ ಹುಡುಗರು. ಅವರಿಗೆ ಆ ಹೆಸರು ಗೊತ್ತಿರುವುದು ಒಂದು ತಮಾಷೆಯಾಗಿ ಮಾತ್ರ. ಯಾರಾದರೂ ಏನಾದರೂ ಕೆಡಿಸಿದರೆ "ರುದ್ರಣ್ಣನ ಕೈ" ಎನ್ನುತ್ತಾರಂತೆ. ಅವರನ್ನು ಒಮ್ಮೆಯೂ ನೋಡದವರು.

ಹೇಳಿದ ಜಾಗದಲ್ಲಿ ಕೇಳುವವರು ಇಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ರುದ್ರಣ್ಣ ಕ್ಷಮಿಸಿಲ್ಲ. ಕ್ಷಮಿಸಿ ಎಂದು ನಾನು ಕೇಳಲೂ ಇಲ್ಲ. ಕೇಳಿದರೆ ಅವರು ಕೊಟ್ಟುಬಿಡುತ್ತಾರೆ, ಅಂಥ ಮನುಷ್ಯ. ಅವರಿಂದ ಇನ್ನೊಂದು ವಸ್ತು ಕಸಿದುಕೊಂಡ ಹಾಗಾಗುತ್ತದೆ.

ಇದು ಅಚ್ಚಾದರೆ ಎನ್.ಆರ್. ಪುರದ ಶಾಖೆಗೆ ಒಂದು ಪ್ರತಿ ಕೊಡುತ್ತೇನೆ, ಕೊಪ್ಪಕ್ಕೆ ಒಂದು, ಶೃಂಗೇರಿಗೆ ಒಂದು. ಯಾರಾದರೂ ಓದದೆ ಪಕ್ಕಕ್ಕಿಟ್ಟರೆ ನಿಂತು ನಾನೇ ಓದಿ ಹೇಳುತ್ತೇನೆ. ಕನ್ನಡ ಓದಲು ಬರುತ್ತದೆ ನನಗೆ. ಗಿರಣಿಗೆ ಒಯ್ಯುವುದಿಲ್ಲ. ಅಲ್ಲಿ ಗೊತ್ತಿದೆ. ಗೊತ್ತಾಗಬೇಕಾದದ್ದು ಉಳಿದವರಿಗೆ.